ತಿಳಿ ನೀರೆಲ್ಲ ಶುದ್ಧ ನೀರಲ್ಲ

ಮಕ್ಕಳೇ, ಮೇಜಿನ ಮೇಲೆ ಮೂರು ಗಾಜಿನ ಲೋಟಗಳಿವೆ ಎಂದುಕೊಳ್ಳಿ. ಒಂದರಲ್ಲಿ ಹಿಡಿದಿಟ್ಟ ಮಳೆ ನೀರಿದೆ. ಇನ್ನೊಂದರಲ್ಲಿ ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕದಡಿದ ನೀರಿದೆ. ಮೂರನೆಯದರಲ್ಲಿ ಬಯಲುಸೀಮೆಯ ಒಂದು ಹಳ್ಳಿಯ ಕೊಳವೆ ಬಾವಿಯ ನೀರಿದೆ. ಮೂರೂ ತಿಳಿಯಾಗಿವೆ. ಮೂರರ ಹಿಂದೆ ಪುಸ್ತಕ ಹಿಡಿದರೂ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಯಾವುದು ಶುದ್ಧ, ಯಾವುದು ಮಿಶ್ರಣ, ಯಾವುದನ್ನು ಕುಡಿಯಬಹುದು ಎಂದು ನೋಡಿದ ಮಾತ್ರಕ್ಕೆ ಹೇಳಬಲ್ಲಿರಾ?

ಹೇಳಲು ಸಾಧ್ಯವಿಲ್ಲ. ಕಣ್ಣು ಇಲ್ಲಿ ಸೋಲುತ್ತದೆ. ಕಣ್ಣು ಸೋತಲ್ಲಿ ರಸಾಯನ ವಿಜ್ಞಾನ ಕೆಲಸ ಆರಂಭಿಸುತ್ತದೆ. ವಸ್ತು ಯಾವ ಸ್ಥಿತಿಯಲ್ಲಿದೆ, ಅದು ಶುದ್ಧವೋ ಮಿಶ್ರಣವೋ, ಮಿಶ್ರಣವಾದರೆ ಅದನ್ನು ಬೇರ್ಪಡಿಸುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ಹಂತ ಹಂತವಾಗಿ ತಿಳಿಯೋಣ. ಕೊನೆಯಲ್ಲಿ ಆ ಮೂರು ಲೋಟಗಳ ಬಗ್ಗೆ ನೀವೇ ತೀರ್ಪು ಕೊಡುವಿರಂತೆ.

ದ್ರವ್ಯದ ಮೂರು ಸ್ಥಿತಿಗಳು

ನಮ್ಮ ಸುತ್ತಲಿನ ಕಲ್ಲು, ನೀರು, ಗಾಳಿ ಎಲ್ಲವೂ ದ್ರವ್ಯವೇ. ಸ್ಥಳವನ್ನು ಆಕ್ರಮಿಸುವ, ತೂಕವುಳ್ಳ ಪ್ರತಿಯೊಂದೂ ದ್ರವ್ಯ. ದ್ರವ್ಯವೆಲ್ಲ ಅತಿ ಸಣ್ಣ ಕಣಗಳಿಂದ ಆಗಿದೆ. ಈ ಕಣಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಂಡಿವೆ ಎಂಬುದರ ಮೇಲೆ ವಸ್ತುವಿನ ಸ್ಥಿತಿ ನಿಂತಿದೆ.

ಬೆಳಗಿನ ಪ್ರಾರ್ಥನೆಗೆ ನೀವು ಸಾಲಾಗಿ ನಿಂತಾಗ ಯಾರೂ ತಮ್ಮ ಜಾಗ ಬಿಡುವುದಿಲ್ಲ, ನಿಂತಲ್ಲೇ ಸ್ವಲ್ಪ ಅಲುಗಾಡುತ್ತೀರಿ ಅಷ್ಟೆ. ಘನ ವಸ್ತುವಿನ ಕಣಗಳೂ ಹೀಗೆಯೇ. ಆದ್ದರಿಂದ ಕಲ್ಲಿಗೆ ತನ್ನದೇ ಆಕಾರವಿದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಜನ ಒಬ್ಬರಿಗೊಬ್ಬರು ತಾಗಿಕೊಂಡೇ ಇದ್ದರೂ ಮುಂದಕ್ಕೆ ಜರುಗುತ್ತಿರುತ್ತಾರೆ. ದ್ರವದ ಕಣಗಳು ಹೀಗೆ. ಆದ್ದರಿಂದ ನೀರು ಹರಿಯುತ್ತದೆ, ಬಿಂದಿಗೆಗೆ ಹಾಕಿದರೆ ಬಿಂದಿಗೆಯ ಆಕಾರ ಪಡೆಯುತ್ತದೆ. ಆಟದ ಗಂಟೆ ಹೊಡೆದಾಗ ನೀವು ಬಯಲಿನ ತುಂಬ ಚದುರಿ ಓಡುತ್ತೀರಲ್ಲ, ಅನಿಲದ ಕಣಗಳು ಹಾಗೆ. ಸಿಕ್ಕ ಜಾಗವನ್ನೆಲ್ಲ ಅವು ತುಂಬಿಕೊಳ್ಳುತ್ತವೆ. ನೀರು ಕುದಿದು ಆವಿಯಾದಾಗ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ ಎಂದರೆ ಆ ಓಟ ಎಷ್ಟು ದೊಡ್ಡದೆಂದು ಊಹಿಸಿ!

ಮಂಜುಗಡ್ಡೆ, ನೀರು, ನೀರಾವಿ ಇವು ಮೂರು ಬೇರೆ ಬೇರೆ ವಸ್ತುಗಳಲ್ಲ. ಒಂದೇ ವಸ್ತುವಿನ ಮೂರು ಸ್ಥಿತಿಗಳು. ಕಣಗಳು ಅವೇ, ಅವುಗಳ ಹಿಡಿತ ಮಾತ್ರ ಬೇರೆ.

ಗಮನಿಸಿ ನೋಡಿ: ಕುದಿಯುವ ಕೆಟಲಿನ ಮೂತಿಯಿಂದ ಬಿಳಿ ಹೊಗೆಯಂತೆ ಬರುವುದನ್ನು ನಾವು ಆವಿ ಎನ್ನುತ್ತೇವೆ. ಸ್ವಲ್ಪ ದೂರ ನಿಂತು ಸರಿಯಾಗಿ ನೋಡಿ. ಮೂತಿಗೆ ತೀರಾ ಹತ್ತಿರ ಏನೂ ಕಾಣುವುದಿಲ್ಲ, ಸ್ವಲ್ಪ ಮೇಲಕ್ಕೆ ಹೋದ ಮೇಲೆ ಬಿಳಿ ಬಣ್ಣ ಕಾಣುತ್ತದೆ. ನಿಜವಾದ ನೀರಾವಿ ಕಣ್ಣಿಗೆ ಕಾಣದು. ಅದು ತಣ್ಣನೆಯ ಗಾಳಿಗೆ ಸಿಕ್ಕಿ ಸಣ್ಣ ಸಣ್ಣ ಹನಿಗಳಾದಾಗ ನಮಗೆ ಬಿಳಿಯಾಗಿ ಕಾಣುತ್ತದೆ. ಆ ಬಿಳಿ ಮೋಡ ಅನಿಲವಲ್ಲ, ದ್ರವ! ಹತ್ತಿರ ಕೈ ಒಡ್ಡಬೇಡಿ, ಸುಡುತ್ತದೆ.

ಒಂದೇ ಪದ, ಎರಡು ಅರ್ಥ

ಐಸ್ ಕ್ಯಾಂಡಿ ಕರಗಿತು ಎನ್ನುತ್ತೇವೆ. ಟೀಯಲ್ಲಿ ಸಕ್ಕರೆ ಕರಗಿತು ಎಂದೂ ಹೇಳುತ್ತೇವೆ. ಮಾತಿನಲ್ಲಿ ಎರಡಕ್ಕೂ ಒಂದೇ ಪದ. ಆದರೆ ಎರಡೂ ಕಡೆ ನಡೆದದ್ದು ಒಂದೇ ಕೆಲಸವೆ?

ಐಸ್ ಕರಗಲು ಶಾಖ ಸಾಕು, ಬೇರೆ ವಸ್ತು ಬೇಡ. ಘನವೊಂದು ಹೀಗೆ ತಾನೇ ದ್ರವವಾಗುವುದನ್ನು ದ್ರವಿಸುವಿಕೆ ಎನ್ನುತ್ತಾರೆ. ಸಕ್ಕರೆ ಟೀಯಲ್ಲಿ ಕರಗಲು ನೀರು ಬೇಕೇ ಬೇಕು. ನೀರಿನ ಕಣಗಳು ಸಕ್ಕರೆಯ ಕಣಗಳನ್ನು ಒಂದೊಂದಾಗಿ ಕಿತ್ತುಕೊಂಡು ತಮ್ಮ ನಡುವೆ ಹಂಚಿಕೊಳ್ಳುತ್ತವೆ. ಇದು ವಿಲೀನಗೊಳ್ಳುವಿಕೆ. ಇಲ್ಲಿ ಸಕ್ಕರೆ ದ್ರಾವ್ಯ, ನೀರು ದ್ರಾವಕ, ಎರಡೂ ಸೇರಿ ಆದದ್ದು ದ್ರಾವಣ.

ಅಡುಗೆ ಉಪ್ಪನ್ನು ನೀರಿಲ್ಲದೆ, ಶಾಖದಿಂದಲೇ ದ್ರವಿಸಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಉಪ್ಪು ತಣ್ಣೀರಿನಲ್ಲಿ ಒಂದು ನಿಮಿಷದಲ್ಲಿ ವಿಲೀನವಾಗಿಬಿಡುತ್ತದೆ. ಎರಡು ಕೆಲಸಗಳ ನಡುವಿನ ಅಂತರ ಈಗ ತಿಳಿಯಿತಲ್ಲವೆ? ವಿಲೀನವಾದ ಉಪ್ಪು ಕಣ್ಮರೆಯಾಗಿದೆಯೇ ಹೊರತು ನಾಶವಾಗಿಲ್ಲ. ಈ ಮಾತನ್ನು ನೆನಪಿಡಿ. ಮುಂದೆ ಬಹಳ ಕಡೆ ಬೇಕಾಗುತ್ತದೆ.

ಶುದ್ಧ ಹಾಲು ಶುದ್ಧವೆ?

'ಇಲ್ಲಿ ಶುದ್ಧ ಹಸುವಿನ ಹಾಲು ಸಿಗುತ್ತದೆ' ಎಂಬ ಬೋರ್ಡನ್ನು ನೀವು ನೋಡಿರಬಹುದು. ನೀರು ಬೆರೆಸಿಲ್ಲ ಎಂಬುದು ಅದರ ಅರ್ಥ. ರಸಾಯನ ವಿಜ್ಞಾನದಲ್ಲಿ 'ಶುದ್ಧ' ಪದಕ್ಕೆ ಬೇರೆ ಅರ್ಥವಿದೆ. ಒಂದೇ ಬಗೆಯ ವಸ್ತುವಿನ ಕಣಗಳಿಂದ ಮಾತ್ರ ಆಗಿರುವುದು ಶುದ್ಧ ವಸ್ತು. ಹಾಲಿನಲ್ಲಿ ನೀರು, ಕೊಬ್ಬು, ಸಕ್ಕರೆ, ಪ್ರೋಟೀನು, ಲವಣಗಳು ಎಲ್ಲ ಇವೆ. ಆದ್ದರಿಂದ ಹಸುವಿನ ಕೆಚ್ಚಲಿನಿಂದ ಆಗತಾನೆ ಕರೆದ ಹಾಲೂ ಮಿಶ್ರಣವೇ.

ಶುದ್ಧ ವಸ್ತುಗಳಲ್ಲಿ ಎರಡು ಬಗೆ. ಒಂದೇ ಬಗೆಯ ಪರಮಾಣುಗಳಿಂದ ಆದದ್ದು ಧಾತು. ಚಿನ್ನ, ಕಬ್ಬಿಣ, ಆಕ್ಸಿಜನ್ ಇದಕ್ಕೆ ಉದಾಹರಣೆಗಳು. ಎರಡು ಅಥವಾ ಹೆಚ್ಚು ಧಾತುಗಳು ನಿರ್ದಿಷ್ಟ ಪ್ರಮಾಣದಲ್ಲಿ ರಾಸಾಯನಿಕವಾಗಿ ಕೂಡಿದರೆ ಸಂಯುಕ್ತ. 9 ಗ್ರಾಂ ನೀರಿನಲ್ಲಿ 1 ಗ್ರಾಂ ಹೈಡ್ರೋಜನ್, 8 ಗ್ರಾಂ ಆಕ್ಸಿಜನ್ ಇರುತ್ತವೆ. ಕಾವೇರಿಯ ನೀರಾಗಲಿ, ಹಿಮಾಲಯದ ಮಂಜಾಗಲಿ, ಅದರಲ್ಲಿನ ನೀರೆಂಬ ಸಂಯುಕ್ತಕ್ಕೆ ಈ ಲೆಕ್ಕ ತಪ್ಪುವುದಿಲ್ಲ.

ಸಂಯುಕ್ತದ ಗುಣ ಅದರ ಧಾತುಗಳ ಗುಣದಂತೆ ಇರುವುದಿಲ್ಲ. ಸೋಡಿಯಂ ನೀರಿಗೆ ಬಿದ್ದರೆ ರಭಸದಿಂದ ವರ್ತಿಸಿ ಬೆಂಕಿ ಹೊತ್ತಿಕೊಳ್ಳಬಹುದಾದ ಲೋಹ. ಕ್ಲೋರಿನ್ ವಿಷಾನಿಲ. ಎರಡೂ ಕೂಡಿದರೆ ನಾವು ದಿನಾಲೂ ತಿನ್ನುವ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್!

ಮಿಶ್ರಣದಲ್ಲಿ ಹೀಗಾಗುವುದಿಲ್ಲ. ಬೆರೆತ ವಸ್ತುಗಳು ತಮ್ಮ ತಮ್ಮ ಗುಣ ಉಳಿಸಿಕೊಂಡಿರುತ್ತವೆ. ಪ್ರಮಾಣವೂ ನಮಗೆ ಬೇಕಾದಂತೆ ಇರಬಹುದು. ಪಾನಕಕ್ಕೆ ಬೆಲ್ಲ ಹೆಚ್ಚು ಹಾಕಿದರೂ ಪಾನಕವೇ, ಕಡಿಮೆ ಹಾಕಿದರೂ ಪಾನಕವೇ. ಎಲ್ಲ ಕಡೆಯೂ ಒಂದೇ ರೀತಿ ಬೆರೆತಿದ್ದರೆ ಅದು ಸಮರೂಪ ಮಿಶ್ರಣ. ಉಪ್ಪು ನೀರು, ಸೋಸಿದ ಪಾನಕ, ಗಾಳಿ ಇವೆಲ್ಲ ಇಂಥವು. ಕಡಲೆಪುರಿಗೆ ಕಾರ, ಈರುಳ್ಳಿ ಬೆರೆಸಿದರೆ ಒಂದು ಹಿಡಿಯಲ್ಲಿ ಇದ್ದಂತೆ ಇನ್ನೊಂದು ಹಿಡಿಯಲ್ಲಿ ಇರುವುದಿಲ್ಲ. ಅದು ಅಸಮರೂಪ ಮಿಶ್ರಣ. ಕೆಸರು ನೀರೂ ಹಾಗೆಯೇ.

ಶುದ್ಧ ವಸ್ತುವನ್ನು ಗುರುತಿಸಲು ಒಂದು ಒಳ್ಳೆಯ ಪರೀಕ್ಷೆಯಿದೆ. ಅದು ಒಂದು ನಿರ್ದಿಷ್ಟ ಉಷ್ಣತೆಯಲ್ಲಿ ದ್ರವಿಸುತ್ತದೆ, ನಿರ್ದಿಷ್ಟ ಉಷ್ಣತೆಯಲ್ಲಿ ಕುದಿಯುತ್ತದೆ. ಸಮುದ್ರ ಮಟ್ಟದಲ್ಲಿ ಶುದ್ಧ ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಕೊನೆಯ ಹನಿ ಆರುವವರೆಗೂ ಅಷ್ಟೇ ಇರುತ್ತದೆ. ಉಪ್ಪು ನೀರು ಅದಕ್ಕಿಂತ ತುಸು ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ. ನೀರು ಆವಿಯಾಗಿ ಹೋದಂತೆಲ್ಲ ಉಪ್ಪಿನ ಅಂಶ ಹೆಚ್ಚುತ್ತದೆ, ಕುದಿಯುವ ಉಷ್ಣತೆಯೂ ಏರುತ್ತ ಹೋಗುತ್ತದೆ. (ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ಅಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ.)

ಬೇರ್ಪಡಿಸುವ ಗುಟ್ಟು

ಮಿಶ್ರಣಗಳನ್ನು ಬೇರ್ಪಡಿಸುವ ವಿದ್ಯೆ ನಿಮ್ಮ ಮನೆಯಲ್ಲಿ ದಿನವೂ ನಡೆಯುತ್ತದೆ. ಅಜ್ಜಿ ಮೊರದಲ್ಲಿ ಅಕ್ಕಿ ಕೇರುತ್ತಾರೆ. ಅಮ್ಮ ಹಿಟ್ಟನ್ನು ಜರಡಿ ಹಿಡಿಯುತ್ತಾರೆ. ಕಣದಲ್ಲಿ ರಾಗಿ ತೂರುತ್ತಾರೆ. ಮೊಸರು ಕಡೆದು ಬೆಣ್ಣೆ ತೆಗೆಯುತ್ತಾರೆ. ಇವೆಲ್ಲ ಬೇರೆ ಬೇರೆ ಕೆಲಸಗಳಂತೆ ಕಂಡರೂ ಒಳಗಿನ ಗುಟ್ಟು ಒಂದೇ: ಬೆರೆತ ವಸ್ತುಗಳ ನಡುವೆ ಯಾವ ಗುಣದಲ್ಲಿ ವ್ಯತ್ಯಾಸವಿದೆ ಎಂದು ಹುಡುಕಿ, ಆ ವ್ಯತ್ಯಾಸವನ್ನೇ ಉಪಯೋಗಿಸಿಕೊಳ್ಳುವುದು.

ತೂರುವುದು: ಕಾಳು ಭಾರ, ಹೊಟ್ಟು ಹಗುರ.
ಜರಡಿ ಹಿಡಿಯುವುದು: ಕಣದ ಗಾತ್ರ ಬೇರೆ.
ಅಕ್ಕಿ ಜಾಲಿಸುವುದು: ನೀರಿನಲ್ಲಿ ಕಲ್ಲು ಬೇಗ ತಳ ಸೇರುತ್ತದೆ.
ಅಯಸ್ಕಾಂತ ಆಡಿಸುವುದು: ಕಬ್ಬಿಣ ಅಂಟುತ್ತದೆ, ಮರಳು ಅಂಟುವುದಿಲ್ಲ.
ಸೋಸುವುದು: ವಿಲೀನವಾಗದ್ದು ಬಟ್ಟೆಯ ಮೇಲೆ ಉಳಿಯುತ್ತದೆ, ವಿಲೀನವಾದದ್ದು ಕೆಳಗಿಳಿಯುತ್ತದೆ.
ಆವಿ ಮಾಡುವುದು: ನೀರು ಆವಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ.

ಇದರಿಂದ ಒಂದು ಮುಖ್ಯವಾದ ವಿಷಯ ಹೊರಡುತ್ತದೆ. ಯಾವ ವಿಧಾನವೂ ಎಲ್ಲದಕ್ಕೂ ಆಗುವುದಿಲ್ಲ. ಉಪ್ಪು ನೀರನ್ನು ಎಷ್ಟು ಪದರ ಬಟ್ಟೆಯಲ್ಲಿ ಸೋಸಿದರೂ ಅದು ಉಪ್ಪು ನೀರಾಗಿಯೇ ಕೆಳಗಿಳಿಯುತ್ತದೆ. ಬಟ್ಟೆಯ ರಂಧ್ರದ ಮುಂದೆ ಉಪ್ಪಿನ ಕಣ ಬಹಳ ಬಹಳ ಸಣ್ಣದು.

ಅಘನಾಶಿನಿ ದಡದ ಉಪ್ಪಿನ ಆಗರ

ಆವಿ ಮಾಡಿ ಬೇರ್ಪಡಿಸುವ ಕೆಲಸವನ್ನು ದೊಡ್ಡದಾಗಿ ನೋಡಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿಗೆ ಹೋಗಬೇಕು. ಗೋಕರ್ಣದ ಹತ್ತಿರ, ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿ ಸಾಣಿಕಟ್ಟಾ ಎಂಬ ಊರಿದೆ. ಅಲ್ಲಿಯ ಉಪ್ಪಿನ ಆಗರಗಳು ಹೆಸರುವಾಸಿ.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ. ಅದರಲ್ಲಿ ಸುಮಾರು 27 ಗ್ರಾಂ ಮಾತ್ರ ಅಡುಗೆ ಉಪ್ಪು. ಉಳಿದ 8 ಗ್ರಾಂ ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವುಗಳ ಲವಣಗಳು. ನೀರನ್ನೆಲ್ಲ ಒಮ್ಮೆಲೇ ಒಣಗಿಸಿಬಿಟ್ಟರೆ ಇವೆಲ್ಲವೂ ಕಲಸಿಹೋಗಿ ಕಹಿ ಉಪ್ಪು ಸಿಗುತ್ತದೆ. ಹಾಗಾದರೆ ಅಡುಗೆ ಉಪ್ಪನ್ನಷ್ಟೇ ಹೇಗೆ ತೆಗೆಯುತ್ತಾರೆ?

ಉಪ್ಪು ತಯಾರಿಸುವವರು ಇಲ್ಲಿಯೂ ವ್ಯತ್ಯಾಸವನ್ನೇ ಹಿಡಿಯುತ್ತಾರೆ. ನೀರು ಕಡಿಮೆಯಾಗುತ್ತ ಹೋದಂತೆ ಎಲ್ಲ ಲವಣಗಳೂ ಒಟ್ಟಿಗೆ ಹೊರಬರುವುದಿಲ್ಲ. ಕಡಿಮೆ ವಿಲೀನವಾಗುವುದು ಮೊದಲು ಹೊರಬರುತ್ತದೆ, ಹೆಚ್ಚು ವಿಲೀನವಾಗುವುದು ಕೊನೆಯವರೆಗೂ ನೀರಿನಲ್ಲಿಯೇ ಉಳಿಯುತ್ತದೆ.

ಉಬ್ಬರದ ಹೊತ್ತಿನಲ್ಲಿ ಒಳಬಂದ ಉಪ್ಪು ನೀರನ್ನು ದೊಡ್ಡ ಕೊಳದಲ್ಲಿ ಸಂಗ್ರಹಿಸಿ, ಅಲ್ಲಿಂದ ಒಂದಾದ ಮೇಲೊಂದು ಗದ್ದೆಗೆ ಹಾಯಿಸುತ್ತಾರೆ. ಗದ್ದೆಗಳು ಅಗಲ, ಆದರೆ ಆಳವಿಲ್ಲ. ಏಕೆಂದರೆ ಆವಿಯಾಗುವ ಕೆಲಸ ನೀರಿನ ಮೇಲ್ಮೈಯಲ್ಲಿ ನಡೆಯುತ್ತದೆ. ಮೇಲ್ಮೈ ದೊಡ್ಡದಾದಷ್ಟೂ, ಬಿಸಿಲು ಗಾಳಿ ಜೋರಾದಷ್ಟೂ ನೀರು ಬೇಗ ಆವಿಯಾಗುತ್ತದೆ. ಮೊದಲ ಹಂತಗಳಲ್ಲಿ ಸುಣ್ಣದ ಅಂಶ ಮತ್ತು ಜಿಪ್ಸಂ ತಳದಲ್ಲಿ ಕೂರುತ್ತವೆ. ನೀರು ಮೊದಲಿನ ಸುಮಾರು ಹತ್ತನೆಯ ಒಂದು ಭಾಗಕ್ಕೆ ಇಳಿದಾಗ ಅಡುಗೆ ಉಪ್ಪು ಹರಳುಗಟ್ಟಲು ಆರಂಭಿಸುತ್ತದೆ. ಕೊನೆಯಲ್ಲಿ ಉಳಿಯುವುದು ಮೆಗ್ನೀಸಿಯಂ ಲವಣಗಳಿಂದ ಕೂಡಿದ ಕಹಿ ನೀರು. ಅದು ಒಣಗುವ ಮೊದಲೇ ಹರಳುಗಳನ್ನು ಎಳೆದು ರಾಶಿ ಹಾಕಬೇಕು. ತಡ ಮಾಡಿದರೆ ಉಪ್ಪು ಕಹಿಯಾದೀತು.

ಕಲ್ಲುಪ್ಪು ಮಳೆಗಾಲದಲ್ಲಿ ಡಬ್ಬಿಯಲ್ಲೇ ನೀರೊಡೆಯುವುದೂ ಈ ಮೆಗ್ನೀಸಿಯಂನಿಂದಲೇ. ಹರಳುಗಳಿಗೆ ಅಂಟಿಕೊಂಡು ಉಳಿದ ಮೆಗ್ನೀಸಿಯಂ ಕ್ಲೋರೈಡು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಿಸಿಲು ಬಲಿತ ಮೇಲೆ ಆರಂಭವಾಗುವ ಉಪ್ಪಿನ ಕೆಲಸ ಮುಂಗಾರು ಬರುವಷ್ಟರಲ್ಲಿ ಮುಗಿಯಬೇಕು. ಒಂದು ಜೋರು ಮಳೆ ಬಿದ್ದರೆ ಗದ್ದೆಯಲ್ಲಿನ ಹರಳು ಮತ್ತೆ ನೀರಿನಲ್ಲಿ ವಿಲೀನವಾಗಿ ದಿನಗಟ್ಟಲೆಯ ದುಡಿಮೆ ನೀರುಪಾಲಾಗುತ್ತದೆ.

ನಿಮಗಿದು ಗೊತ್ತೆ?

* ಬ್ರಿಟಿಷರ ಆಳ್ವಿಕೆಯಲ್ಲಿ ಜನ ತಾವೇ ಉಪ್ಪು ತಯಾರಿಸುವುದು ಅಪರಾಧವಾಗಿತ್ತು. ಅದನ್ನು ಮುರಿಯಲು ಗಾಂಧೀಜಿ 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ ನಡೆದು ಹೊರಟು ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪನ್ನು ಎತ್ತಿದರು. ಅದೇ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಸೂರ್ಯನ ಬಿಸಿಲಿಗೆ ನೀರು ಆರುವುದನ್ನು ಯಾವ ಕಾನೂನು ತಾನೆ ತಡೆದೀತು?

* ಪೊಟ್ಟಣದ ಉಪ್ಪು ಶುದ್ಧ ವಸ್ತುವಲ್ಲ, ಬೇಕೆಂದೇ ಮಾಡಿದ ಮಿಶ್ರಣ. ಗಳಗಂಡ ರೋಗ ಬಾರದಿರಲೆಂದು ಅದಕ್ಕೆ ಅಯೋಡಿನ್ ಸೇರಿಸುತ್ತಾರೆ. ನಮ್ಮ ಕೈಗೆ ತಲುಪುವಾಗ ಒಂದು ಕಿಲೋಗ್ರಾಂ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬುದು ನಿಯಮ. ಉಪ್ಪಿನ ಡಬ್ಬಿಯ ಮುಚ್ಚಳ ಸದಾ ಬಿಗಿಯಾಗಿರಲಿ.

ಉಪ್ಪಿನ ಬದಲು ನೀರು ಬೇಕಾದರೆ?

ಆಗರದಲ್ಲಿ ಉಪ್ಪು ಸಿಗುತ್ತದೆ, ನೀರು ಗಾಳಿಪಾಲಾಗುತ್ತದೆ. ನಮಗೆ ನೀರೇ ಬೇಕಾದರೆ ಆ ಆವಿಯನ್ನು ಹಿಡಿದು ತಣಿಸಬೇಕು. ಆವಿ ತಣಿದು ಮತ್ತೆ ದ್ರವವಾಗುವುದು ಸಾಂದ್ರೀಕರಣ. ಆವಿ ಮಾಡಿ, ತಣಿಸಿ, ಶುದ್ಧ ದ್ರವವನ್ನು ಬೇರೆ ಪಾತ್ರೆಯಲ್ಲಿ ಪಡೆಯುವುದಕ್ಕೆ ಆಸವನ ಅಥವಾ ಬಟ್ಟಿ ಇಳಿಸುವುದು ಎಂದು ಹೆಸರು.

ಪ್ರಕೃತಿಯೂ ಇದನ್ನೇ ಮಾಡುತ್ತದೆ. ಸಮುದ್ರದ ನೀರು ಬಿಸಿಲಿಗೆ ಆವಿಯಾಗುತ್ತದೆ. ಉಪ್ಪು ಸಮುದ್ರದಲ್ಲೇ ಉಳಿಯುತ್ತದೆ. ಆವಿ ಮೇಲೇರಿ ತಣಿದು ಮೋಡವಾಗಿ ಮಳೆ ಸುರಿಯುತ್ತದೆ. ಮಳೆ ಎಂದರೆ ಸೂರ್ಯ ಬಟ್ಟಿ ಇಳಿಸಿದ ನೀರು!

ಮಾಡಿ ನೋಡಿ – 1
ಬೇಕಾದ ವಸ್ತುಗಳು: ಅಗಲವಾದ ಬೋಗುಣಿ, ಅದಕ್ಕಿಂತ ಗಿಡ್ಡದಾದ ಲೋಟ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ದಾರ, ಸಣ್ಣ ಕಲ್ಲು, ಉಪ್ಪು ನೀರು.
ವಿಧಾನ: ಬೋಗುಣಿಗೆ ಎರಡು ಬೆರಳಷ್ಟು ಎತ್ತರ ಉಪ್ಪು ನೀರು ಹಾಕಿ. ನಡುವೆ ಖಾಲಿ ಲೋಟ ಇಡಿ. ಬೋಗುಣಿಯ ಬಾಯಿಗೆ ಹಾಳೆ ಹೊದಿಸಿ ದಾರ ಬಿಗಿಯಿರಿ. ಹಾಳೆಯ ಮೇಲೆ, ಲೋಟದ ನೇರಕ್ಕೆ ಕಲ್ಲಿಡಿ. ಹಾಳೆ ಅಲ್ಲಿ ಸ್ವಲ್ಪ ತಗ್ಗಬೇಕು, ಲೋಟಕ್ಕೆ ತಾಗಬಾರದು. ಇಡೀ ದಿನ ಬಿಸಿಲಿನಲ್ಲಿಡಿ.
ಏನಾಗುತ್ತದೆ? ಹಾಳೆಯ ಒಳಮೈಯಲ್ಲಿ ಹನಿಗಳು ಮೂಡಿ, ತಗ್ಗಿನ ಕಡೆಗೆ ಜಾರಿ ಲೋಟಕ್ಕೆ ಬೀಳುತ್ತವೆ. ಲೋಟದಲ್ಲಿ ಸಿಕ್ಕಿದ್ದು ಉಪ್ಪಿಲ್ಲದ ನೀರು.

ಕಣ್ಣಿಗೆ ಕಾಣದ ಫ್ಲೋರೈಡು

ಈಗ ಮೂರನೆಯ ಲೋಟಕ್ಕೆ ಬರೋಣ. ಮಳೆ ನೀರು ಭೂಮಿಯೊಳಗೆ ಇಂಗಿ ಬಂಡೆಗಳ ಸಂದಿಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ನೀರು ಒಳ್ಳೆಯ ದ್ರಾವಕವಲ್ಲವೆ? ಬಂಡೆಗಳಲ್ಲಿರುವ ಖನಿಜಗಳು ನಿಧಾನವಾಗಿ ಅದರಲ್ಲಿ ವಿಲೀನವಾಗುತ್ತವೆ. ಕೆಲವು ಬಂಡೆಗಳಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ಅವುಗಳಿಂದ ಫ್ಲೋರೈಡು ನೀರಿಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕರ್ನಾಟಕದಲ್ಲಿ ತುಮಕೂರು ಜಿಲ್ಲೆಯ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರು ಮುಂತಾದ ಕಡೆಗಳ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡು ಹೆಚ್ಚಾಗಿರುವುದು ಕಂಡುಬಂದಿದೆ.

ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡು 1 ಮಿಲಿಗ್ರಾಂ ಮೀರದಿರುವುದು ಒಳ್ಳೆಯದು, ಬೇರೆ ನೀರೇ ಸಿಗದಿದ್ದರೆ 1.5 ಮಿಲಿಗ್ರಾಂವರೆಗೆ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ಇದಕ್ಕಿಂತ ಹೆಚ್ಚಿರುವ ನೀರನ್ನು ಬಹುಕಾಲ ಕುಡಿದರೆ ಫ್ಲೋರೋಸಿಸ್ ಬರುತ್ತದೆ. ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವ ಚಿಕ್ಕ ವಯಸ್ಸಿನಲ್ಲಿ ಇಂಥ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಬಿಳಿ, ಹಳದಿ ಅಥವಾ ಕಂದು ಕಲೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದು ಅನೇಕ ವರ್ಷ ಕುಡಿದರೆ ಕೀಲುಗಳು ಬಿಗಿಯುತ್ತವೆ, ಮೂಳೆಗಳು ಕೆಡುತ್ತವೆ. ಭಾರತದಲ್ಲಿ ಈ ರೋಗವನ್ನು ಮೊದಲು ಗುರುತಿಸಿ ವರದಿ ಮಾಡಿದ್ದು 1937ರಲ್ಲಿ, ಈಗಿನ ಆಂಧ್ರಪ್ರದೇಶದ ನೆಲ್ಲೂರು ಕಡೆಯಿಂದ.

ನಿಮ್ಮ ತರಗತಿಯಲ್ಲಿ ಯಾರದಾದರೂ ಹಲ್ಲಿನ ಮೇಲೆ ಇಂಥ ಕಲೆಗಳಿದ್ದರೆ ಗೇಲಿ ಮಾಡಬೇಡಿ. ಅದು ಹಲ್ಲುಜ್ಜದ ಸೋಮಾರಿತನದ ಗುರುತಲ್ಲ. ಹಲ್ಲು ಬೆಳೆಯುವಾಗಲೇ ಒಳಗೆ ಸೇರಿದ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ತಪ್ಪು ಆ ಮಗುವಿನದಲ್ಲ, ನೀರಿನಲ್ಲಿ ಬೆರೆತ ವಸ್ತುವಿನದು.

ಕುದಿಸಿದರೆ ಸಾಲದೆ?

ನೀರನ್ನು ಕೊತಕೊತ ಕುದಿಸಿ ಆರಿಸಿ ಕುಡಿಯಿರಿ ಎಂದು ಶಿಕ್ಷಕರು ಹೇಳುತ್ತಾರೆ. ಅದು ಸರಿಯಾದ ಮಾತು. ಕುದಿಸಿದರೆ ವಾಂತಿಭೇದಿ, ಟೈಫಾಯಿಡ್ ಮುಂತಾದ ರೋಗ ತರುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಆದರೆ ಫ್ಲೋರೈಡು ಜೀವಿಯಲ್ಲ, ಸಾಯುವುದಕ್ಕೆ. ಅದು ನೀರಿನೊಡನೆ ಆವಿಯಾಗಿಯೂ ಹೋಗುವುದಿಲ್ಲ. ಲೆಕ್ಕ ಮಾಡಿ ನೋಡೋಣ.

2 ಲೀಟರ್ ನೀರಿದೆ. ಪ್ರತಿ ಲೀಟರಿನಲ್ಲಿ 2 ಮಿಲಿಗ್ರಾಂ ಫ್ಲೋರೈಡು. ಒಟ್ಟು 4 ಮಿಲಿಗ್ರಾಂ. ಕುದಿಸಿ ಕುದಿಸಿ ನೀರು 1.6 ಲೀಟರಿಗೆ ಇಳಿಯಿತು. ಫ್ಲೋರೈಡು ಎಲ್ಲಿಗೂ ಹೋಗಲಿಲ್ಲ, 4 ಮಿಲಿಗ್ರಾಂ ಹಾಗೇ ಇದೆ. ಈಗ ಲೀಟರಿಗೆ ಎಷ್ಟು? 4 ÷ 1.6 = 2.5 ಮಿಲಿಗ್ರಾಂ. ಪ್ರಮಾಣ ಹೆಚ್ಚಾಯಿತು! ಸಾಣಿಕಟ್ಟಾದ ಗದ್ದೆಯಲ್ಲಿ ಉಪ್ಪಿಗೆ ಆದದ್ದೇ ಇಲ್ಲಿ ಫ್ಲೋರೈಡಿಗೆ ಆಯಿತು.

ಹಾಗೆಂದು ಕುದಿಸುವುದನ್ನು ಬಿಡಬಾರದು. ಯಾವುದು ಏನನ್ನು ತೆಗೆಯುತ್ತದೆ ಎಂದು ತಿಳಿದಿರಬೇಕು.

ಬಟ್ಟೆಯಲ್ಲಿ ಸೋಸುವುದು: ಕಸಕಡ್ಡಿ, ಮರಳು ಹೋಗುತ್ತವೆ.
ಪಟಿಕ ಹಾಕಿ ತಿಳಿ ಬಗ್ಗಿಸುವುದು: ತೇಲುವ ನಯವಾದ ಮಣ್ಣು ಗಂಟುಗಟ್ಟಿ ತಳ ಸೇರುತ್ತದೆ.
ಕುದಿಸುವುದು: ರೋಗಾಣುಗಳು ಸಾಯುತ್ತವೆ. ವಿಲೀನವಾದ ಫ್ಲೋರೈಡು, ಉಪ್ಪು ಹೋಗುವುದಿಲ್ಲ.
ಬಟ್ಟಿ ಇಳಿಸುವುದು: ವಿಲೀನವಾದ ಲವಣಗಳೂ ಹಿಂದೆ ಉಳಿಯುತ್ತವೆ. ಆದರೆ ಇಂಧನ ಬಹಳ ಬೇಕು.

ಫ್ಲೋರೈಡು ತೆಗೆಯುವ ದಾರಿಗಳು

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯ (ನೀರಿ) ವಿಜ್ಞಾನಿಗಳು ಒಂದು ವಿಧಾನ ರೂಪಿಸಿದರು. ಫ್ಲೋರೋಸಿಸ್ ಹಾವಳಿಯಿದ್ದ ನಲ್ಗೊಂಡ ಜಿಲ್ಲೆಯ ಹೆಸರೇ ಅದಕ್ಕೆ ನಿಂತಿದೆ. ನಲ್ಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ ಮತ್ತು ಪಟಿಕವನ್ನು ಅಳೆದು ಸೇರಿಸಿ ಕದಡುತ್ತಾರೆ. ಆಗ ಹತ್ತಿಯ ಉಂಡೆಗಳಂಥ ಮೆತ್ತನೆಯ ಗಂಟುಗಳು ಹುಟ್ಟುತ್ತವೆ. ಫ್ಲೋರೈಡು ಆ ಗಂಟುಗಳಿಗೆ ಅಂಟಿಕೊಂಡು ಅವುಗಳೊಡನೆ ತಳ ಸೇರುತ್ತದೆ. ಮೇಲಿನ ತಿಳಿಯನ್ನು ಸೋಸಿ ತೆಗೆಯುತ್ತಾರೆ. ರೋಗಾಣು ಕೊಲ್ಲಲು ಬ್ಲೀಚಿಂಗ್ ಪುಡಿಯನ್ನೂ ಹಾಕುತ್ತಾರೆ. ಸೋಸಲು ಬಾರದ, ವಿಲೀನವಾದ ವಸ್ತುವನ್ನು ಸೋಸಲು ಬರುವಂತೆ ಮಾಡಿಕೊಂಡದ್ದೇ ಇದರ ಜಾಣ್ಮೆ. ಎಚ್ಚರಿಕೆ: ಎಷ್ಟು ಪಟಿಕ ಹಾಕಬೇಕೆಂಬುದು ನೀರಿನ ಗುಣದ ಮೇಲೆ ನಿಂತಿದೆ. ಪರೀಕ್ಷೆ ಮಾಡದೆ ಮನೆಯಲ್ಲಿ ಇದನ್ನು ಮಾಡಬಾರದು.

ಈಗ ಅನೇಕ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಬಳಸುವುದು ಆರ್‌ಓ ವಿಧಾನ. ಅತಿ ಸೂಕ್ಷ್ಮವಾದ ಪೊರೆಯ ಮೂಲಕ ಪಂಪಿನ ಒತ್ತಡದಿಂದ ನೀರನ್ನು ತಳ್ಳುತ್ತಾರೆ. ನೀರಿನ ಕಣಗಳು ಪೊರೆ ದಾಟುತ್ತವೆ, ವಿಲೀನವಾದ ಲವಣಗಳಲ್ಲಿ ಬಹುಪಾಲು ಈಚೆಯೇ ಉಳಿಯುತ್ತವೆ. ಪೊರೆ ಹಳತಾದರೆ ಅಥವಾ ಹರಿದರೆ ನೀರು ತಿಳಿಯಾಗಿಯೇ ಕಾಣುತ್ತದೆ, ಆದರೆ ಫ್ಲೋರೈಡು ಒಳನುಗ್ಗಿರುತ್ತದೆ. ಆದ್ದರಿಂದ ಘಟಕದ ನೀರನ್ನೂ ಆಗಾಗ ಪರೀಕ್ಷಿಸಬೇಕು.

ಬೇರ್ಪಡಿಸುವುದು ಎಂದರೆ ಇಲ್ಲವಾಗಿಸುವುದಲ್ಲ. ತೆಗೆದ ಫ್ಲೋರೈಡು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ನಲ್ಗೊಂಡ ವಿಧಾನದಲ್ಲಿ ಅದು ತಳದ ಕೆಸರಿನಲ್ಲಿರುತ್ತದೆ. ಆರ್‌ಓ ಘಟಕದಲ್ಲಿ ಹೊರಬಿಡುವ ತ್ಯಾಜ್ಯ ನೀರಿನಲ್ಲಿ, ಮೊದಲಿಗಿಂತ ಹೆಚ್ಚಿನ ಪ್ರಮಾಣದಲ್ಲಿರುತ್ತದೆ. ಆ ನೀರನ್ನು ಕುಡಿಯಲು, ಅಡುಗೆಗೆ, ದನಕರುಗಳಿಗೆ ಬಳಸಬಾರದು. ಕುಡಿಯುವ ನೀರಿನ ಬಾವಿಯ ಪಕ್ಕದಲ್ಲಿ ಹರಿಯಬಿಟ್ಟರೆ ತೆಗೆದದ್ದನ್ನು ಮತ್ತೆ ಅಲ್ಲಿಗೇ ಸೇರಿಸಿದಂತೆ.

ಇನ್ನೊಂದು ದಾರಿ ಆಕಾಶದಿಂದಲೇ ಬರುತ್ತದೆ. ಬಂಡೆಯನ್ನು ಮುಟ್ಟದ ಮಳೆ ನೀರಿನಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಶಾಲೆಯ ಚಾವಣಿ 100 ಚದರ ಮೀಟರ್ ಇದ್ದು, 10 ಮಿಲಿಮೀಟರ್ ಮಳೆ ಬಂದರೆ 1,000 ಲೀಟರ್! ಮೊದಲ ಮಳೆಯ ಕೊಳೆ ನೀರನ್ನು ಹೊರಬಿಟ್ಟು, ಉಳಿದದ್ದನ್ನು ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದು, ಕುದಿಸಿ ಕುಡಿಯಬಹುದು.

ಮಾಡಿ ನೋಡಿ – 2
ಸ್ವಚ್ಛವಾದ ಸ್ಟೀಲ್ ತಟ್ಟೆಯ ಮೇಲೆ ದೂರ ದೂರಕ್ಕೆ ಮೂರು ಗುರುತು ಮಾಡಿ. ಒಂದರಲ್ಲಿ ಹತ್ತು ಹನಿ ಮಳೆ ನೀರು ಅಥವಾ ನೀವು ಬೋಗುಣಿಯಲ್ಲಿ ಪಡೆದ ನೀರು, ಇನ್ನೊಂದರಲ್ಲಿ ಹತ್ತು ಹನಿ ಉಪ್ಪು ನೀರು, ಮತ್ತೊಂದರಲ್ಲಿ ಹತ್ತು ಹನಿ ನಿಮ್ಮೂರ ಕೊಳವೆ ಬಾವಿಯ ನೀರು ಹಾಕಿ. ಬಿಸಿಲಿನಲ್ಲಿ ಒಣಗಲಿ. ಎಲ್ಲಿ ಬಿಳಿ ಕಲೆ ಉಳಿಯಿತು? ಎಲ್ಲಿ ಹೆಚ್ಚು? ಕಲೆ ಉಳಿದರೆ ನೀರಿನಲ್ಲಿ ಲವಣಗಳಿವೆ ಎಂದಷ್ಟೇ ಅರ್ಥ, ಆ ನೀರು ಕೆಟ್ಟದ್ದು ಎಂದಲ್ಲ. ಯಾವ ಲವಣ, ಎಷ್ಟಿದೆ ಎಂದು ಈ ಪರೀಕ್ಷೆ ಹೇಳುವುದಿಲ್ಲ. ಫ್ಲೋರೈಡು ತಿಳಿಯಲು ರಾಸಾಯನಿಕ ಪರೀಕ್ಷೆಯೇ ಬೇಕು. ನಿಮ್ಮೂರಿನ ನೀರಿನ ಪರೀಕ್ಷೆ ಆಗಿದೆಯೇ, ಫಲಿತಾಂಶ ಏನು ಎಂದು ಶಿಕ್ಷಕರೊಡನೆ ಗ್ರಾಮ ಪಂಚಾಯಿತಿಗೆ ಹೋಗಿ ಕೇಳಿ. ಅದನ್ನು ಶಾಲೆಯ ಕಪ್ಪು ಹಲಗೆಯ ಮೇಲೆ ಬರೆದಿಡಿ.

ಯೋಚಿಸಿ ಉತ್ತರಿಸಿ

1. ಕಬ್ಬಿಣದ ರಜ, ಮರದ ಹೊಟ್ಟು, ಮರಳು, ಉಪ್ಪು ಬೆರೆತಿವೆ. ಯಾವ ಕ್ರಮದಲ್ಲಿ ಬೇರ್ಪಡಿಸುವಿರಿ?
2. 22 ಕ್ಯಾರಟ್ ಚಿನ್ನವೆಂದರೆ 24 ಭಾಗದಲ್ಲಿ 22 ಭಾಗ ಚಿನ್ನ. ಇದು ಶುದ್ಧ ವಸ್ತುವೆ? ಶೇಕಡ ಎಷ್ಟು ಚಿನ್ನವಿದೆ?
3. ಉಪ್ಪಿನ ಗದ್ದೆಯನ್ನು ಬಾವಿಯಂತೆ ಆಳವಾಗಿ ಏಕೆ ತೋಡುವುದಿಲ್ಲ?
4. ಮೊದಲು ಹೇಳಿದ ಮೂರು ಲೋಟಗಳಲ್ಲಿ ಯಾವುದನ್ನು ಕುಡಿಯಬಹುದು?

ಉತ್ತರಗಳು

1. ಅಯಸ್ಕಾಂತಕ್ಕೆ ಕಾಗದ ಸುತ್ತಿ ಕಬ್ಬಿಣ ತೆಗೆಯಿರಿ. ಉಳಿದದ್ದನ್ನು ನೀರಿಗೆ ಹಾಕಿ ಕದಡಿ, ತೇಲುವ ಹೊಟ್ಟನ್ನು ತೆಗೆಯಿರಿ. ಸೋಸಿದರೆ ಮರಳು ಸಿಗುತ್ತದೆ. ಸೋಸಿದ ನೀರನ್ನು ಬಿಸಿಲಿಗಿಟ್ಟರೆ ಉಪ್ಪು ಸಿಗುತ್ತದೆ.
2. ಅಲ್ಲ, ಅದು ತಾಮ್ರದಂಥ ಬೇರೆ ಲೋಹ ಬೆರೆತ ಮಿಶ್ರಣ. ಚಿನ್ನ ಶೇಕಡ 91.6ರಷ್ಟು. ಒಡವೆಯ ಮೇಲೆ 916 ಎಂಬ ಅಂಕಿ ಇರುವುದು ಇದಕ್ಕೇ.
3. ಆವಿಯಾಗುವುದು ಮೇಲ್ಮೈಯಿಂದ. ಆಳ ಹೆಚ್ಚಿದರೆ ಆರಬೇಕಾದ ನೀರು ಹೆಚ್ಚುತ್ತದೆ, ಮೇಲ್ಮೈ ಹೆಚ್ಚುವುದಿಲ್ಲ.
4. ಮೊದಲನೆಯದನ್ನು ಸೋಸಿ ಕುದಿಸಿದ ಮೇಲೆ ಕುಡಿಯಬಹುದು. ಎರಡನೆಯದರಲ್ಲಿ ಏನಿದೆ ಎಂದು ಗೊತ್ತಿದೆ, ಚಿಟಿಕೆ ಉಪ್ಪಿನಿಂದ ತೊಂದರೆಯಿಲ್ಲ, ಬೆರೆಸಿದ ನೀರು ಮಾತ್ರ ಒಳ್ಳೆಯದಿರಬೇಕು. ಮೂರನೆಯದನ್ನು ಪರೀಕ್ಷೆಯ ಫಲಿತಾಂಶ ಬರುವವರೆಗೆ ಕುಡಿಯಬೇಡಿ.